ಪದಚರ್ಚೆ: ಇಂಜಿನ್ನಿನ ಕಿಡಿ ‘ಬಿಟ್ಟು ಬಿಟ್ಟು’ ತಪ್ಪುತ್ತದೋ, ‘ಒಮ್ಮೊಮ್ಮೆ’ ತಪ್ಪುತ್ತದೋ?

ಗೆಳೆಯರಿಗೆ ಕಲಬುರಗಿಯಿಂದ ನಮಸ್ಕಾರ.

ಒಂದು ಪದಕ್ಕಾಗಿ ಹದಿನೈದು ದಿನದಿಂದ ಒದ್ದಾಡುತ್ತಿದ್ದೇನೆ. ನಾನು ಡಿಪ್ಲೊಮಾ ಹುಡುಗರಿಗೆ ಇಂಜಿನ್ ಪಾಠ ಹೇಳುವವನು. 2019ರ ನವೆಂಬರ್‌ನಲ್ಲಿ ಶ್ರೀನಿವಾಸ ಸರಡಗಿ ಹತ್ತಿರ ನಮ್ಮೂರ ವಿಮಾನ ನಿಲ್ದಾಣ ಶುರುವಾಯಿತಲ್ಲ, ಆಮೇಲೆ ಹುಡುಗರಿಗೆ ವಿಮಾನದ ಹುಚ್ಚು ಜಾಸ್ತಿ. ಅವರಿಗೆಂದೇ ಚಿಕ್ಕ ವಿಮಾನದ ಇಂಜಿನ್ ಬಗ್ಗೆ ಕನ್ನಡದಲ್ಲಿ ಎಂಟು ಪುಟದ ಟಿಪ್ಪಣಿ ಬರೆಯುತ್ತಿದ್ದೇನೆ. ಏಳು ಪುಟ ಮುಗಿದಿದೆ. ಎಂಟನೆಯದು ‘ಇಂಟರ್‌ಮಿಟೆಂಟ್ ಇಗ್ನಿಷನ್ ಪ್ರಾಬ್ಲಂ’, ಅಂದರೆ ಇಂಧನ ಹೊತ್ತಿಸುವ ಕಿಡಿ ಒಮ್ಮೆ ಬಂದು ಒಮ್ಮೆ ತಪ್ಪುವ ತೊಂದರೆ. ಅಲ್ಲೇ ನಿಂತಿದ್ದೇನೆ.

ಕಂಪ್ಯೂಟರನ್ನು ಕೇಳಿದೆ. ‘ಮಧ್ಯಂತರ ದಹನ ಸಮಸ್ಯೆ’ ಅಂತ ಕೊಟ್ಟಿತು. ಹೇಗೆ ಕೇಳಿಸುತ್ತದೆ ನೋಡೋಣ ಅಂತ ಸುಮ್ನೆ ಗಟ್ಟಿಯಾಗಿ ಓದಿದೆ. ಪಕ್ಕದಲ್ಲಿ ತೊಗರಿಬೇಳೆ ಹಸನು ಮಾಡುತ್ತಿದ್ದ ಅವ್ವ ತಲೆ ಎತ್ತಿದಳು: “ವಿಮಾನಕ್ಕ ಬೆಂಕಿ ಹತ್ತೇದೇನೋ?”

ಅವಳದೇನೂ ತಪ್ಪಿಲ್ಲ. ದಹನ ಅಂದರೆ ನಮಗೆ ಗೊತ್ತಿರುವುದು ಲಂಕಾದಹನ, ಕಾಮದಹನ, ಪೇಪರಿನಲ್ಲಿ ಬರುವ ‘ಸಜೀವ ದಹನ’. ಸುಟ್ಟು ಬೂದಿಯಾಗುವುದು. ಇಗ್ನಿಷನ್ ಬರೀ ಹೊತ್ತಿಸುವ ಕೆಲಸ, ಅಲ್ಲಿಗೆ ಅದರ ಪಾತ್ರ ಮುಗಿಯಿತು. ಇನ್ನು ಮಧ್ಯಂತರ. ಮಧ್ಯಂತರ ಬಜೆಟ್, ಮಧ್ಯಂತರ ಜಾಮೀನು, ಮಧ್ಯಂತರ ಪರಿಹಾರ. ಪೂರ್ತಿಯದು ಬರುವ ತನಕ ಇದನ್ನಿಟ್ಟುಕೊಳ್ಳಿ ಅನ್ನುವ ಅರ್ಥ. ಹಾಗಾದರೆ ಪೂರ್ತಿ ದಹನ ಮುಂದೆ ಬರಲಿದೆ ಅಂತಾಯಿತು!

ಗ್ಯಾರೇಜಿನ ಮಾತನ್ನೇ ಹಾಕೋಣ ಅಂದರೆ ಇನ್ನೊಂದು ಫಜೀತಿ. ನಮ್ಮಲ್ಲಿ ಬೈಕು, ಆಟೊ, ಟ್ರ್ಯಾಕ್ಟರ್ ಎಲ್ಲದಕ್ಕೂ ಒಂದೇ ಮಾತು, “ಗಾಡಿ ಮಿಸ್ಸಿಂಗ್ ಹೊಡಿಲತ್ತದ.” ನನಗೆ ಬಹಳ ಇಷ್ಟದ ಮಾತು. ಶಾಕ್ ಹೊಡೆಯುತ್ತದೆ, ಬಿಸಿಲು ಹೊಡೆಯುತ್ತದೆ, ವಾಸನೆ ಹೊಡೆಯುತ್ತದೆ, ಮಿಸ್ಸಿಂಗ್ ಹೊಡೆಯುತ್ತದೆ. ಇಲ್ಲೆಲ್ಲ ಯಾರೂ ಕೈ ಎತ್ತುವುದಿಲ್ಲ, ಆದರೂ ಏಟು ಬೀಳುತ್ತದೆ. ಆದರೆ ‘ವಿಮಾನದ ಮಿಸ್ಸಿಂಗ್’ ಅಂತ ತಲೆಬರಹ ಕೊಟ್ಟು ನೋಡಿ. ವಿಮಾನವೇ ಕಾಣೆಯಾಗಿದೆ ಅಂತ ಓದುಗ ಗಾಬರಿಯಾಗುತ್ತಾನೆ. ಒಂದು ಪದದಲ್ಲಿ ವಿಮಾನ ಸುಟ್ಟುಹೋಯಿತು, ಇನ್ನೊಂದರಲ್ಲಿ ಕಳೆದುಹೋಯಿತು.

ಅದಕ್ಕೇ ‘ಕಿಡಿ ತಪ್ಪು’ ಅಂತ ಬರೆದಿದ್ದೇನೆ. ತಾಳ ತಪ್ಪು, ಹೆಜ್ಜೆ ತಪ್ಪು, ಗುರಿ ತಪ್ಪು ಇರುವ ಸಾಲಿನಲ್ಲಿ ಇದೂ ಕೂರುತ್ತದೆ. ಬರಬೇಕಾದ ಹೊತ್ತಿಗೆ ಬರಲಿಲ್ಲ, ಅಷ್ಟೇ. ಇಂಜಿನ್ ನಿಮಿಷಕ್ಕೆ 1800 ಸುತ್ತು ತಿರುಗುವಾಗ ನಾಲ್ಕು ಸ್ಟ್ರೋಕಿನ ಒಂದೊಂದು ಸಿಲಿಂಡರಿಗೂ ಸೆಕೆಂಡಿಗೆ 15 ಸಲ ಕಿಡಿ ಬೇಕು. ಅದರಲ್ಲಿ ಎರಡು ತಪ್ಪಿದರೆ ತಾಳ ತಪ್ಪಿದ ಹಾಗೆಯೇ ಕಿವಿಗೆ ಗೊತ್ತಾಗುತ್ತದೆ.

ತಲೆನೋವು ಇರುವುದು ‘ಇಂಟರ್‌ಮಿಟೆಂಟ್’ ಹತ್ತಿರ. ಅದು ತಿಳಿಯಲು ನನ್ನ ಅಳಿಯನ ಕತೆ ಹೇಳಬೇಕು. ಅಕ್ಕನ ಮಗ. ವಿಮಾನ ಓಡಿಸುವುದನ್ನು ಕಲಿಸುವ ಒಂದು ಕಡೆ ಹ್ಯಾಂಗರಿನಲ್ಲಿ ಟೆಕ್ನಿಷಿಯನ್. ಅಲ್ಲಿಯ ಒಂದು ಎರಡು ಸೀಟಿನ ವಿಮಾನಕ್ಕೆ ಪೂರ್ತಿ ಎಲೆಕ್ಟ್ರಾನಿಕ್ ಇಗ್ನಿಷನ್. ಇಂಥ ಇಂಜಿನ್ನುಗಳಲ್ಲಿ ಎಲ್ಲವೂ ಜೋಡಿ. ಒಂದು ಸಿಲಿಂಡರಿಗೆ ಎರಡು ಪ್ಲಗ್, ಅವಕ್ಕೆ ಬೇರೆ ಬೇರೆ ಎರಡು ಇಗ್ನಿಷನ್. ಒಂದು ಸತ್ತರೂ ಇನ್ನೊಂದರ ಮೇಲೆ ಮನೆಗೆ ಬರಬಹುದು. ಹಾರುವ ಮೊದಲು ಪೈಲಟ್ ಒಂದೊಂದನ್ನೇ ಬಂದ್ ಮಾಡಿ ಸುತ್ತು ಎಷ್ಟು ಇಳಿಯುತ್ತದೆ ನೋಡುತ್ತಾನೆ. ಒಂದೇ ಕಡೆಯಿಂದ ಹೊತ್ತಿಕೊಂಡರೆ ಉರಿ ಹರಡುವುದು ನಿಧಾನ, ಹಾಗಾಗಿ ಸ್ವಲ್ಪ ಇಳಿಯಲೇಬೇಕು. ಮ್ಯಾಗ್ನೆಟೊ (ಬ್ಯಾಟರಿ ಇಲ್ಲದೆ ಆಯಸ್ಕಾಂತದಿಂದ ಕಿಡಿಗೆ ಕರೆಂಟ್ ಹುಟ್ಟಿಸುವ ಸಾಧನ) ಇರುವ ಸೆಸ್ನಾ 172 ಎಸ್ ಅನ್ನುವ ಚಿಕ್ಕ ವಿಮಾನದಲ್ಲಿ 1800 ಸುತ್ತಿಗೆ ಇಟ್ಟು ನೋಡುತ್ತಾರೆ. 150ಕ್ಕಿಂತ ಜಾಸ್ತಿ ಇಳಿಯಬಾರದು, ಎರಡರ ಇಳಿತದ ನಡುವೆ 50ಕ್ಕಿಂತ ಜಾಸ್ತಿ ಅಂತರ ಇರಬಾರದು. ಸ್ವಲ್ಪವೂ ಇಳಿಯದಿದ್ದರೆ ಅದೂ ಅನುಮಾನವೇ. ಬಂದ್ ಮಾಡಿದ್ದು ನಿಜವಾಗಿ ಬಂದ್ ಆಗಿಲ್ಲ ಅಂತ ಅರ್ಥವಿರಬಹುದು.

ಅಳಿಯನ ವಿಮಾನ ಬೆಳಗಿನ ಏಳಕ್ಕೆ ಈ ಪರೀಕ್ಷೆಯಲ್ಲಿ ಪಾಸ್. ಹಾರಿ ಬಂದು, ಮಟಮಟ ಮಧ್ಯಾಹ್ನ ಅರ್ಧ ಗಂಟೆ ಬಿಸಿಲಿಗೆ ನಿಂತು, ಮತ್ತೆ ಚಾಲೂ ಮಾಡಿದರೆ ಒಂದು ಕಡೆಯ ಇಗ್ನಿಷನ್ ಕೆಮ್ಮುತ್ತದೆ. ಬಾನೆಟ್ ಬಿಚ್ಚಿ ಕೈಹಾಕುವಷ್ಟರಲ್ಲಿ ಇಂಜಿನ್ ತಣ್ಣಗಾಗಿ ಮತ್ತೆ ಸರಿ. “ನೆಲದ ಮ್ಯಾಲ ಓಡಿಸಿ ನೋಡ್ದೆ ಮಾಮಾ, ಏನೂ ಇಲ್ಲ ಅಂತ ಮೂರು ಸಲ ಬರ್ದೀನಿ” ಅಂದ. ಬರೆದಾಗೆಲ್ಲ ಅವನ ಮೇಲೇ ಸಂಶಯ.

ಕಡೆಗೆ ಎರಡು ಕಡೆಯ ಇಗ್ನಿಷನ್ ಡಬ್ಬಿಗಳನ್ನು ಅದಲು ಬದಲು ಮಾಡಿದರು. ಐಬು, ಅಂದರೆ ತೊಂದರೆ, ಡಬ್ಬಿಯ ಜೊತೆ ಆ ಕಡೆಗೆ ಹೋದರೆ ಡಬ್ಬಿ ಕೆಟ್ಟಿದೆ. ಇದ್ದಲ್ಲೇ ಇದ್ದರೆ ವೈರಿಂಗು, ಇಲ್ಲವೇ ಕಾಯಿಲು (ಕಿಡಿಗೆ ಬೇಕಾದ ವೋಲ್ಟೇಜ್ ಏರಿಸುವ ಸುರುಳಿ). ಇದ್ದಲ್ಲೇ ಇತ್ತು. ಹುಡುಕಿದಾಗ ಸಿಕ್ಕಿದ್ದು ಡಬ್ಬಿಗೆ ಅರ್ಥ್ ಕೊಡುವ, ಅಂದರೆ ಅದನ್ನು ಇಂಜಿನ್ನಿನ ಲೋಹದ ಮೈಗೆ ಸೇರಿಸುವ ವೈರ್. ಆ ತುಂಡನ್ನು ಅವನು ರಜೆಗೆ ಬಂದಾಗ ಜೇಬಿನಲ್ಲಿ ಹಾಕಿಕೊಂಡು ಬಂದಿದ್ದ. ಮೇಲೆ ಸಿಪ್ಪೆ ಹೊಸದರ ಹಾಗಿತ್ತು. ಪಡಸಾಲೆಯ ಶಹಾಬಾದ್ ಕಲ್ಲಿನ ಮೇಲೆ ಇಟ್ಟು ಮಲ್ಟಿಮೀಟರ್ ಹಚ್ಚಿದೆವು. ನೆಟ್ಟಗಿಟ್ಟರೆ ಕರೆಂಟಿಗೆ ತಡೆ ಸೊನ್ನೆಯ ಆಸುಪಾಸು. ಲಗ್‌ನ (ವೈರಿನ ತುದಿಗೆ ಹಾಕಿದ ಲೋಹದ ಬಳೆ) ಕುತ್ತಿಗೆ ಹತ್ತಿರ ಬೆರಳಿನಿಂದ ಸ್ವಲ್ಪ ಬಾಗಿಸಿದರೆ ಅಂಕಿ ಕುಣಿಯಲು ಶುರು, ಇನ್ನಷ್ಟು ಬಾಗಿಸಿದರೆ ಸಂಪರ್ಕವೇ ಇಲ್ಲ. ಬ್ಲೇಡಿನಿಂದ ಸಿಪ್ಪೆ ಸುಲಿದೆ. ಇಂಜಿನ್ನಿನ ನಡುಕಕ್ಕೆ ಒಳಗಿನ ತಾಮ್ರದ ಎಳೆಗಳೆಲ್ಲ ಒಂದೊಂದಾಗಿ ತುಂಡಾಗಿದ್ದವು. ತಣ್ಣಗಿರುವಾಗ ತುದಿಗೆ ತುದಿ ತಾಗುತ್ತಿತ್ತು, ಬಿಸಿಗೆ ಹಿಗ್ಗಿ ನಡುಗಿದಾಗ ಬಿಡುತ್ತಿತ್ತು.

ಈಗ ಹೇಳಿ, ಈ ಐಬನ್ನು ಏನಂತ ಕರೆಯುವುದು? (‘ದೋಷ’ ಬೇಡ ಅಂತ ಬಿಟ್ಟಿದ್ದೇನೆ. ದೋಷ ಅಂದ ತಕ್ಷಣ ನಮ್ಮ ಹುಡುಗರು ಜಾತಕ ತೆಗೆಯುತ್ತಾರೆ. ಐಬು ಅರಬ್ಬಿಯಿಂದ ಉರ್ದು ದಾಟಿ ನಮ್ಮ ಮನೆಗೆ ಬಂದು ಎಷ್ಟೋ ಕಾಲವಾಯಿತು.)

‘ಬಿಟ್ಟು ಬಿಟ್ಟು’ ಅಂದೆ ಮೊದಲು. ಬಿಟ್ಟು ಬಿಟ್ಟು ಮಳೆ, ಬಿಟ್ಟು ಬಿಟ್ಟು ಜ್ವರ, ಎಲ್ಲರಿಗೂ ಗೊತ್ತು. ಆದರೆ ಇಂಜಿನ್ ಓಡುತ್ತಿರುವಾಗ ಕಿಡಿ ಬಂದು, ತಪ್ಪಿ, ಮತ್ತೆ ಬರುವುದಕ್ಕೆ ಅದು ಸರಿ. ಬೆಳಿಗ್ಗೆ ಪೂರ್ತಿ ಸರಿ, ಮಧ್ಯಾಹ್ನ ಮಾತ್ರ ಕೆಮ್ಮು ಅನ್ನುವುದಕ್ಕೆ ‘ಬಿಟ್ಟು ಬಿಟ್ಟು’ ಅಂದರೆ ಮೆಕ್ಯಾನಿಕ್ ಬೆಳಿಗ್ಗೆ ಇಂಜಿನ್ ಮುಂದೆ ಕಿವಿ ಕೊಟ್ಟು ಕೂರುತ್ತಾನೆ, ಏನೂ ಕೇಳಿಸುವುದಿಲ್ಲ. ಅದಕ್ಕೆ ‘ಒಮ್ಮೊಮ್ಮೆ’ ಬೇಕು ಅನಿಸುತ್ತದೆ. ಇಂಗ್ಲಿಷಿನ ಒಂದೇ ಪದ ಎರಡನ್ನೂ ನುಂಗಿಕೊಂಡಿದೆ. ಕನ್ನಡದಲ್ಲಿ ಬಿಡಿಸಿ ಹೇಳಬಹುದಾದರೆ ಬಿಡಿಸಿಯೇ ಹೇಳೋಣ, ಅಲ್ವಾ?

ಆಯುರ್ವೇದದವರ ‘ವಿಷಮ ಜ್ವರ’ವೂ ನೆನಪಾಯಿತು. ಅವರದು ಬಹಳ ಅಚ್ಚುಕಟ್ಟು. ದಿನ ಬಿಟ್ಟು ದಿನ ಬಂದರೆ ತೃತೀಯಕ, ಎರಡು ದಿನ ಬಿಟ್ಟು ಬಂದರೆ ಚತುರ್ಥಕ. ನಮ್ಮ ವೈರಿಗೆ ಅಷ್ಟು ಲೆಕ್ಕ ಬರುವುದಿಲ್ಲ. ‘ವಿಷಮ ಕಿಡಿ’ ಅಂದರೆ ಪೌರಾಣಿಕ ನಾಟಕದ ಹೆಸರಾಗುತ್ತದೆ.

ಇನ್ನೊಂದು ಮಾತು, ದಾರಿಯಲ್ಲಿ ಸಿಕ್ಕಿದ್ದು. ವಿಜ್ಞಾನದ ಪಾಠದಲ್ಲಿ ‘ಮುಚ್ಚಿದ ಮಂಡಲ’ (ಕ್ಲೋಸ್ಡ್ ಸರ್ಕ್ಯೂಟ್) ಅಂದರೆ ಕರೆಂಟ್ ಹರಿಯುತ್ತದೆ. ಮನೆಯಲ್ಲಿ ‘ಲೈಟ್ ಬಂದ್ ಮಾಡು’ ಅಂದರೆ ಕರೆಂಟ್ ನಿಲ್ಲುತ್ತದೆ. ಮುಚ್ಚು, ಬಂದ್ ಎರಡೂ ಒಂದೇ ಅರ್ಥ, ಕೆಲಸ ಮಾತ್ರ ಉಲ್ಟಾ. ಪ್ರತಿ ವರ್ಷ ಹುಡುಗರು ಇಲ್ಲಿ ಎಡವುತ್ತಾರೆ. ಆದರೆ ಮ್ಯಾಗ್ನೆಟೊದಲ್ಲಿ ಎರಡೂ ಕೂಡಿಬಿಡುತ್ತವೆ! ಅದರ ಸ್ವಿಚ್ ಬಂದ್ ಮಾಡುವುದು ಅಂದರೆ ಅದರ ವೈರನ್ನು ಅರ್ಥ್‌ಗೆ ಸೇರಿಸುವುದು. ಮಂಡಲ ಮುಚ್ಚಿತು, ಕಿಡಿ ನಿಂತಿತು. ಆ ವೈರ್ ಹರಿದರೆ ಬಂದ್ ಮಾಡಿದರೂ ಅದಕ್ಕೆ ಜೀವ ಇರುತ್ತದೆ, ಕೈಯಿಂದ ಪ್ರೊಪೆಲ್ಲರ್ ತಿರುಗಿಸಿದರೆ ಇಂಜಿನ್ ಚಾಲೂ ಆಗಿ ತಿರುಗಿಸಿದವನ ಮೇಲೇ ಬರಬಹುದು. ಅಳಿಯನ ಅರ್ಥ್ ವೈರ್ ಹರಿದಾಗ ಆಗಿದ್ದು ಇದರ ಉಲ್ಟಾ, ಕಿಡಿಯೇ ನಿಲ್ಲುತ್ತಿತ್ತು. ಟಿಪ್ಪಣಿಯಲ್ಲಿ ಎರಡು ವೈರಿಗೂ ಬರೀ ‘ಅರ್ಥ್ ವೈರ್’ ಅಂತ ಬರೆದಿದ್ದೆ. ಈಗ ಮ್ಯಾಗ್ನೆಟೊದ್ದನ್ನು ‘ಬಂದ್ ವೈರ್’ ಅಂತ ತಿದ್ದಿದ್ದೇನೆ. ಬೇಡ ಅನ್ನುವವರು ಹೇಳಿ.

ಕಡೆಯದಾಗಿ, ಬಸ್ ಸ್ಟ್ಯಾಂಡ್ ಹಿಂದಿನ ಬೈಕ್ ಮೆಕ್ಯಾನಿಕ್ ಒಬ್ಬರಿಗೆ ಈ ಕತೆ ಹೇಳಿದೆ. ಪೂರ್ತಿ ಕೇಳಲೂ ಇಲ್ಲ. “ಅದು ಕಳ್ಳ ಮಿಸ್ಸಿಂಗ್ ರೀ ಸರ್” ಅಂದರು. ನೋಡುವವರು ಬಂದರೆ ಅಡಗುವುದು, ಹೋದರೆ ಎದ್ದು ಕೂರುವುದು. ಕಳ್ಳನಿದ್ದೆ, ಕಳ್ಳನೋಟ ಇದ್ದ ಹಾಗೆ. ಮನೆಗೆ ಬಂದು ಅವ್ವನಿಗೆ ಹೇಳಿದರೆ ಅವಳಿಗೆ ಹಳೆಯ ಎಮ್ಮೆಯೊಂದು ನೆನಪಾಯಿತು. “ಬ್ಯಾರೆದವರು ಹಿಂಡಾಕ ಕುಂತ್ರ ಹಾಲು ಕದ್ದಿಟ್ಕೋತಿತ್ತು. ಅದೂ ಕಳ್ಳೇ.”

‘ಕಳ್ಳ ಐಬು’ ಅಂತ ಪೆನ್ಸಿಲ್‌ನಲ್ಲಿ ಬರೆದಿಟ್ಟಿದ್ದೇನೆ. ಪಾಠದ ಟಿಪ್ಪಣಿಗೆ ಇದು ಹಗುರವಾಯಿತೇ? ಮೈಸೂರು, ಮಂಗಳೂರು, ಧಾರವಾಡದ ಕಡೆ ಗ್ಯಾರೇಜುಗಳಲ್ಲಿ ಇಂಥ ಅಡಗುವ ತೊಂದರೆಗೆ ಬೇರೆ ಮಾತಿದೆಯೇ? ಗೊತ್ತಿದ್ದವರು ಆ ಮಾತನ್ನು ಕೇಳಿದ ಜಾಗದ ಸಮೇತ ಬರೆಯಿರಿ. ಸೋಮವಾರ ಟಿಪ್ಪಣಿಯನ್ನು ಝೆರಾಕ್ಸ್‌ಗೆ ಕೊಡಬೇಕು.