ಪ್ರಕಟವಾದ ಲೇಖನವನ್ನು ಗ್ರಂಥಾಲಯದ ಡಿಜಿಟಲ್ ಭಂಡಾರಕ್ಕೆ ಕೊಡಬಹುದೇ?

ಸಂಶೋಧನಾ ವಿದ್ಯಾರ್ಥಿನಿ, ಮಾನಸಗಂಗೋತ್ರಿ: ಮಂಡ್ಯದ ಕಬ್ಬು ಬೆಳೆಗಾರರ ಕುರಿತ ನನ್ನ ಲೇಖನವೊಂದು ಚಂದಾ ಆಧಾರಿತ ನಿಯತಕಾಲಿಕದಲ್ಲಿ ಪ್ರಕಟವಾಗಿದ್ದು, ಹಣ ತೆರದೆ ಅದನ್ನು ನಮ್ಮೂರಿನವರೇ ಓದಲಾಗುತ್ತಿಲ್ಲ. ಅದರ ಪಿಡಿಎಫ್ ಪ್ರತಿಯನ್ನು ಭಂಡಾರಕ್ಕೆ ಸೇರಿಸಬಹುದೇ? ಮಹಾಪ್ರಬಂಧವೂ ಮುಗಿಯುವ ಹಂತದಲ್ಲಿದೆ.

ಗ್ರಂಥಪಾಲಕರು, ಮೈಸೂರು: ಪ್ರಕಾಶಕರು ಪುಟವಿನ್ಯಾಸ ಮಾಡಿದ ಪ್ರತಿಯನ್ನು ಸಾಮಾನ್ಯವಾಗಿ ಸೇರಿಸುವಂತಿಲ್ಲ, ಆದರೆ ಪರಿಶೀಲಕರ ಸೂಚನೆಯಂತೆ ನೀವು ತಿದ್ದಿ ಕಳುಹಿಸಿ, ಸ್ವೀಕೃತವಾದ ನಿಮ್ಮದೇ ವರ್ಡ್ ಪ್ರತಿಯನ್ನು, ನಿಗದಿತ ಅವಧಿ ಕಳೆದ ಮೇಲೆ ಮುಕ್ತವಾಗಿಡಲು ಅನೇಕ ಪ್ರಕಾಶಕರು ಒಪ್ಪುತ್ತಾರೆ. ನೀವು ಸಹಿ ಹಾಕಿದ ಹಕ್ಕುಸ್ವಾಮ್ಯ ಪತ್ರವನ್ನು ಮೊದಲು ಓದಿರಿ. (ಓದಿ ಸಹಿ ಹಾಕಿದವರನ್ನು ನಾನು ಕಂಡದ್ದೇ ಕಡಿಮೆ.) ಮಹಾಪ್ರಬಂಧದ ವಿಷಯದಲ್ಲಿ ಆಯ್ಕೆಯೇ ಇಲ್ಲ: ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) 2009ರ ನಿಯಮಾವಳಿಯಿಂದೀಚೆಗೆ ಅದರ ವಿದ್ಯುನ್ಮಾನ ಪ್ರತಿಯನ್ನು ಕೊಡಲೇಬೇಕು, ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರದ ‘ಶೋಧಗಂಗಾ’ ಎಂಬ ಮಹಾಪ್ರಬಂಧಗಳ ಆನ್‌ಲೈನ್ ಭಂಡಾರದಲ್ಲಿ ಅದನ್ನು ಯಾರು ಬೇಕಾದರೂ ಓದಬಹುದು.

ಕನ್ನಡ ಅಧ್ಯಾಪಕ, ಮಂಡ್ಯ: ಪ್ರಬಂಧ ಕನ್ನಡದಲ್ಲಿದ್ದರೆ ಇನ್ನೊಂದು ತೊಡಕಿದೆ. ನನ್ನದು ಹಳೆಯ ನುಡಿ ಫಾಂಟಿನಲ್ಲಿತ್ತು. ಪಿಡಿಎಫ್‌ನಲ್ಲಿ ‘ಕಾವೇರಿ’ ಎಂದು ಹುಡುಕಿದರೆ ಒಂದೂ ಸಿಗಲಿಲ್ಲ, ನಕಲಿಸಿದರೆ ರೋಮನ್ ಅಕ್ಷರಗಳ ಕಲಸುಮೇಲೋಗರ ಬಂತು. ಎಲ್ಲ ಗಣಕಗಳೂ ಕನ್ನಡವೆಂದೇ ಗುರುತಿಸುವ ಯೂನಿಕೋಡ್‌ಗೆ ಪರಿವರ್ತಿಸಿ, ಒತ್ತಕ್ಷರ, ಅರ್ಕಾವತ್ತುಗಳನ್ನು ಕಣ್ಣಾರೆ ನೋಡಿಯೇ ಕೊಡಿ.

ಸಂಶೋಧನಾ ವಿದ್ಯಾರ್ಥಿನಿ: ಧನ್ಯವಾದಗಳು, ಸರ್. ಪತ್ರ ಸಿಕ್ಕಿತು, ಅವಧಿ 12 ತಿಂಗಳು ಎಂದಿದೆ. ಸ್ವೀಕೃತ ಪ್ರತಿಯನ್ನು ಹಳೆಯ ಲ್ಯಾಪ್‌ಟಾಪಿನಲ್ಲಿ ಹುಡುಕುತ್ತಿದ್ದೇನೆ.