ಕ್ರಿಸ್‌ಮಸ್ ಗಿಫ್ಟ್‌ಗಳ ಒತ್ತಡ, ನಮ್ಮ ಮಕ್ಕಳು, ಮತ್ತು ಕೊಡುವ ಖುಷಿ

ಹೊಸದಾಗಿ ಇಂಗ್ಲೆಂಡಿಗೆ ಬಂದವರೊಬ್ಬರು ಇಲ್ಲಿನ ನಮ್ಮ ಕನ್ನಡಿಗರ ಗುಂಪಿನಲ್ಲಿ ಕ್ರಿಸ್‌ಮಸ್ ಗಿಫ್ಟ್‌ಗಳ ಬಗ್ಗೆ ಕೇಳಿರುವ ಪ್ರಶ್ನೆ ನಮ್ಮಲ್ಲಿ ತುಂಬಾ ಜನರದ್ದು. ಅವರ ಮಗ ಇಯರ್ ಟೂನಲ್ಲಿದ್ದಾನೆ (ಆರೇಳು ವರ್ಷದ ಮಕ್ಕಳ ಕ್ಲಾಸು), ಸಾಂಟಾ ನಮ್ಮ ಮನೆಗೆ ಯಾಕೆ ಬರಲ್ಲ ಅಂತ ಕೇಳ್ತಾನೆ. ಟೀಚರ್‌ಗೆ ಗಿಫ್ಟ್, ಕ್ಲಾಸಿನ 30 ಮಕ್ಕಳಿಗೆ ಕಾರ್ಡು, ಆಫೀಸಿನಲ್ಲಿ ಸೀಕ್ರೆಟ್ ಸಾಂಟಾ (ಚೀಟಿ ಎತ್ತಿ, ಹೆಸರು ಬಂದವರಿಗೆ ಗುಟ್ಟಾಗಿ ಗಿಫ್ಟ್ ಕೊಡೋದು), ಪಕ್ಕದ ಮನೆಯವರು ಕೊಟ್ಟ ಚಾಕಲೇಟ್ ಡಬ್ಬಿಗೆ ಪ್ರತಿಯಾಗಿ ಏನಾದರೂ. ಇದೆಲ್ಲ ಮಾಡಲೇಬೇಕಾ ಅನ್ನೋದು ಅವರ ಚಿಂತೆ. ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ.

ಮೊದಲು ಸುಲಭದ್ದು. ಕಾರ್ಡು ಕೊಡದಿದ್ದರೆ ಯಾರೂ ತಪ್ಪು ತಿಳಿಯುವುದಿಲ್ಲ. ಟೀಚರ್‌ಗೆ ಸಾಮಾನ್ಯವಾಗಿ ಪೋಷಕರೆಲ್ಲ ಸೇರಿ ದುಡ್ಡು ಹಾಕಿ ಒಂದೇ ಗಿಫ್ಟ್ ಕೊಡ್ತಾರೆ, ಸೇರೋದು ಬಿಡೋದು ನಿಮ್ಮಿಷ್ಟ. ಮಗುವಿನ ಕೈಯಲ್ಲೇ ಥ್ಯಾಂಕ್ಸ್ ಅಂತ ನಾಲ್ಕು ಸಾಲು ಬರೆಸಿ ಕೊಟ್ಟರೂ ಟೀಚರ್‌ಗೆ ಖುಷಿಯಾಗುತ್ತೆ. ಸೀಕ್ರೆಟ್ ಸಾಂಟಾಗೆ 5 ಅಥವಾ 10 ಪೌಂಡ್ ಅಂತ ಮಿತಿ ಹೇಳಿರ್ತಾರೆ, ಅದನ್ನು ಮೀರಬೇಡಿ. ಜಾಸ್ತಿ ಕೊಟ್ಟರೆ ಪಡೆದವರಿಗೇ ಮುಜುಗರ. ಇನ್ನು ಕ್ರಿಸ್‌ಮಸ್ ಜಂಪರ್ ದಿನ, ಅಂದ್ರೆ ಮಕ್ಕಳು ಕ್ರಿಸ್‌ಮಸ್ ಚಿತ್ತಾರದ ಸ್ವೆಟರ್ ಹಾಕಿಕೊಂಡು ಸ್ಕೂಲಿಗೆ ಹೋಗೋ ದಿನ. ಅದನ್ನು ಸೇವ್ ದ ಚಿಲ್ಡ್ರನ್ ಸಂಸ್ಥೆ 2012ರಲ್ಲಿ ಶುರು ಮಾಡಿದ್ದು ಮಕ್ಕಳಿಗಾಗಿ ಹಣ ಕೂಡಿಸೋಕೆ. ಅದಕ್ಕಂತ ಹೊಸ ಸ್ವೆಟರ್ ಬೇಕಿಲ್ಲ. ಇರುವ ಸ್ವೆಟರ್‌ಗೆ ಕಾಗದದ ನಕ್ಷತ್ರ ಪಿನ್ ಮಾಡಿ ಕಳಿಸಿ, ಉಳಿದ ದುಡ್ಡನ್ನು ಸ್ಕೂಲಿನ ಡಬ್ಬಿಗೆ ಹಾಕಿ.

ಸಾಂಟಾ ವಿಷಯದಲ್ಲಿ ಒಂದು ಮಾತು. ಬರಬೇಕೋ ಬೇಡವೋ ನಿಮ್ಮ ಮನೆಯ ತೀರ್ಮಾನ. ಬರೋದಾದರೆ ಸಾಂಟಾ ಹೆಸರಲ್ಲಿ ಚಿಕ್ಕದೊಂದು ಸಾಮಾನು ಇರಲಿ. ಸೈಕಲ್, ಟ್ಯಾಬ್ಲೆಟ್ ತರಹದ ದೊಡ್ಡದ್ದೇನಾದರೂ ಇದ್ದರೆ ಅದು ಅಪ್ಪ ಅಮ್ಮ ಕೊಟ್ಟಿದ್ದು ಅಂತಲೇ ಹೇಳಿ. ಯಾಕಂದ್ರೆ ಜನವರಿಯಲ್ಲಿ ಸ್ಕೂಲ್ ಶುರುವಾದ ದಿನ ಮಕ್ಕಳು ಮಾತಾಡೋದೇ ಇದನ್ನ. ಅದೇ ಕ್ಲಾಸಿನಲ್ಲಿ ಬಣ್ಣದ ಪೆನ್ಸಿಲ್ ಮಾತ್ರ ಸಿಕ್ಕಿದ ಮಗುವೊಂದು ಇರುತ್ತೆ. ನಾನೇನು ಕೆಟ್ಟವನಾ, ಸಾಂಟಾ ನನಗೆ ಯಾಕೆ ಕಡಿಮೆ ಕೊಟ್ಟ ಅಂತ ಆ ಮಗು ಕೇಳಿದರೆ ಅವರಮ್ಮ ಏನು ಹೇಳಬೇಕು?

ಸಾಂಟಾ ಕಥೆಯ ಮೂಲವನ್ನೂ ಮಕ್ಕಳಿಗೆ ಹೇಳಿ. ಸಂತ ನಿಕೊಲಸ್ 4ನೇ ಶತಮಾನದವರು, ಈಗಿನ ಟರ್ಕಿಯಲ್ಲಿರುವ ಮೈರಾ ಊರಿನ ಬಿಷಪ್. ಬಡ ತಂದೆಯೊಬ್ಬನಿಗೆ ಮೂರು ಹೆಣ್ಣುಮಕ್ಕಳು, ಮದುವೆಗೆ ವರದಕ್ಷಿಣೆ ಹೊಂದಿಸೋಕೆ ಕೈಯಲ್ಲಿ ಕಾಸಿಲ್ಲ. ನಿಕೊಲಸ್ ರಾತ್ರಿ ಹೊತ್ತು ಯಾರಿಗೂ ಗೊತ್ತಾಗದ ಹಾಗೆ ಕಿಟಕಿಯಿಂದ ಚಿನ್ನದ ಗಂಟು ಎಸೆದು ಹೋದರು ಅಂತ ಕಥೆ. ಕತ್ತಲಲ್ಲಿ ಕೊಟ್ಟಿದ್ದಕ್ಕೆ ಕಾರಣ ಇತ್ತು. ಆ ತಂದೆ ತಲೆ ತಗ್ಗಿಸಬಾರದು, ವಾಪಸ್ ಕೊಡಬೇಕು ಅಂತ ಕೊರಗಬಾರದು.

ಈಗ ಸ್ವಲ್ಪ ಕಷ್ಟದ ಮಾತು. ನಿಜವಾದ ಒತ್ತಡ ಇಂಗ್ಲಿಷರಿಂದ ಬರುತ್ತಿಲ್ಲ, ನಮ್ಮ ನಮ್ಮ ನಡುವೆಯೇ ಇದೆ. ಕನ್ನಡದ ಸ್ನೇಹಿತರೊಬ್ಬರು ನಮ್ಮ ಮಗಳಿಗೆ ದೊಡ್ಡ ಲೆಗೋ ಸೆಟ್ ಕೊಟ್ಟರು, ನಾವು ಅಷ್ಟೇ ಬೆಲೆಯದ್ದು ಹುಡುಕಬೇಕು. ಊರಿನ ಮದುವೆಮನೆಯಲ್ಲೂ ಮುಯ್ಯಿ ಬರೆದಿಡ್ತಾರೆ, ನಿಜ. ಆದರೆ ಅದರಿಂದ ಒಂದು ಮನೆಯ ಖರ್ಚಿನ ಭಾರವನ್ನು ಹತ್ತು ಮನೆ ಹೊರುತ್ತಿತ್ತು. ಇಲ್ಲಿ ಯಾರ ಭಾರವೂ ಇಳಿಯುತ್ತಿಲ್ಲ. ಎರಡೂ ಮನೆಯಲ್ಲಿ ಪ್ಲಾಸ್ಟಿಕ್ ತುಂಬುತ್ತೆ, ಎರಡೂ ಮನೆಯ ಕ್ರೆಡಿಟ್ ಕಾರ್ಡ್ ಬಿಲ್ ಏರುತ್ತೆ.

ಇಲ್ಲಿ ನಾವಿರುವ ಊರಿನ ಸ್ನೇಹಿತರ ಮನೆಯವರೆಲ್ಲ ನವೆಂಬರಿನಲ್ಲೇ ಮಾತಾಡಿಕೊಂಡೆವು: ಕ್ರಿಸ್‌ಮಸ್‌ಗೆ ಪರಸ್ಪರ ಮಕ್ಕಳಿಗೆ ಗಿಫ್ಟ್ ಬೇಡ. ಮೂರು ವಾರ ಕಳೆದರೆ ಸಂಕ್ರಾಂತಿ ಬರುತ್ತಲ್ವಾ, ಅವತ್ತು ಮಕ್ಕಳೇ ಎಳ್ಳು ಬೀರ್ತಾರೆ. ಎಳ್ಳು, ಬೆಲ್ಲ, ಕೊಬ್ಬರಿ, ಕಡಲೆಬೀಜ ಬೆರೆಸೋದೂ ಅವರೇ, ಪೊಟ್ಟಣ ಕಟ್ಟೋದೂ ಅವರೇ. ಎಲ್ಲರಿಗೂ ಒಂದೇ ಪೊಟ್ಟಣ. ಬೆಲೆ ಹೋಲಿಸೋ ಪ್ರಶ್ನೆಯೇ ಇಲ್ಲ. ಇಂಗ್ಲಿಷ್ ನೆರೆಮನೆಯವರಿಗೂ ಕೊಡ್ತೇವೆ, ನಟ್ಸ್ ಅಲರ್ಜಿ ಇದೆಯಾ ಅಂತ ಮಾತ್ರ ಮೊದಲು ಕೇಳಿ.

ಹಾಗಂತ ಕ್ರಿಸ್‌ಮಸ್ ನಮ್ಮ ಹಬ್ಬ ಅಲ್ಲ ಅಂತ ಮಕ್ಕಳಿಗೆ ಹೇಳೋದು ನನಗೆ ಇಷ್ಟ ಇಲ್ಲ. ನಾನು ಮಂಗಳೂರಿನವಳು. ಅಲ್ಲಿ ಕ್ರಿಸ್‌ಮಸ್ ಅಂದ್ರೆ ಕ್ರಿಶ್ಚಿಯನ್ ಮನೆಗಳಿಂದ ಕುಸ್ವಾರ್ ಅನ್ನೋ ಹಬ್ಬದ ತಿಂಡಿಗಳ ತಟ್ಟೆ ಬರೋದು. ನೆವ್ರಿ, ಕಿಡಿಯೊ, ಗುಳಿಯೊ ಎಲ್ಲ ಮನೆಯಲ್ಲೇ ಕೂತು ಮಾಡಿದ್ದು. ಚೌತಿಗೆ ನಮ್ಮ ಮನೆಯಿಂದ ಚಕ್ಕುಲಿ, ಉಂಡೆ ಆ ಕಡೆ ಹೋಗುತ್ತಿತ್ತು. ಯಾರ ತಟ್ಟೆಯಲ್ಲಿ ಜಾಸ್ತಿ ಇತ್ತು ಅಂತ ಯಾರೂ ನೋಡಲಿಲ್ಲ. ಕರ್ನಾಟಕದ ಕ್ರಿಸ್‌ಮಸ್ ಅನ್ನೋದೂ ಒಂದಿದೆ ಅಂತ ಇಲ್ಲಿ ಬೆಳೆಯೋ ಮಕ್ಕಳಿಗೆ ಗೊತ್ತಿರಲಿ.

ಇಷ್ಟೆಲ್ಲಾ ಉಳಿಸಿದ ದುಡ್ಡು, ಸಮಯ ಎಲ್ಲಿ ಹಾಕೋದು? ನನ್ನ ಉತ್ತರ ಫುಡ್‌ಬ್ಯಾಂಕ್, ಅಂದ್ರೆ ಕಷ್ಟದಲ್ಲಿರುವ ಮನೆಗಳಿಗೆ ದಿನಸಿಯನ್ನು ಉಚಿತವಾಗಿ ಕೊಡೋ ಕೇಂದ್ರ. ಇಷ್ಟು ಶ್ರೀಮಂತ ದೇಶದಲ್ಲಿ ಊಟಕ್ಕಿಲ್ಲದವರು ಇದ್ದಾರಾ ಅಂತ ಊರಿಂದ ಬಂದ ಅಪ್ಪ ಅಮ್ಮ ಕೇಳ್ತಾರೆ. ಇದ್ದಾರೆ. ಟ್ರಸೆಲ್ ಸಂಸ್ಥೆ ಮೊದಲ ಫುಡ್‌ಬ್ಯಾಂಕನ್ನು 2000ದಲ್ಲಿ ಸಾಲ್ಸ್‌ಬರಿಯಲ್ಲಿ ಶುರು ಮಾಡಿತು, ಈಗ ದೇಶದ ತುಂಬಾ ಅವರ ಕೇಂದ್ರಗಳಿವೆ. ಡಾಕ್ಟರು, ಸ್ಕೂಲು, ಸೋಶಿಯಲ್ ವರ್ಕರ್ ಯಾರಾದರೂ ವೋಚರ್ ಕೊಟ್ಟರೆ ಕನಿಷ್ಠ 3 ದಿನಕ್ಕಾಗುವಷ್ಟು ಸಾಮಾನು ಸಿಗುತ್ತೆ. ನಮ್ಮ ಮಕ್ಕಳ ಪಕ್ಕ ಕೂತು ಓದುವ ಮಗುವಿನ ಮನೆಯೂ ಅದರಲ್ಲಿ ಇರಬಹುದು.

ಕೊಡುವಾಗ ಕೆಲವು ವಿಷಯ ಗಮನದಲ್ಲಿರಲಿ. ನಮಗೆ ಮನಸ್ಸು ಬರೋದು ದೊಡ್ಡ ಅಕ್ಕಿ ಮೂಟೆ ಕೊಡೋಕೆ. ಆದರೆ ಎಷ್ಟೋ ಜನರ ಹತ್ತಿರ ಸರಿಯಾದ ಒಲೆಯೇ ಇರಲ್ಲ, ಕರೆಂಟಿಗೂ ದುಡ್ಡು ಇರಲ್ಲ. ಚಿಕ್ಕ ಪ್ಯಾಕೆಟ್, ಟಿನ್‌ನಲ್ಲಿ ಬರುವ ತರಕಾರಿ, ಮೀನು, ಹಣ್ಣು, ಫ್ರಿಜ್ ಬೇಡದ ಯುಎಚ್‌ಟಿ ಹಾಲು ಒಳ್ಳೆಯದು. ಟೂತ್‌ಪೇಸ್ಟ್, ಶಾಂಪೂ, ನ್ಯಾಪಿಯನ್ನು ಎಲ್ಲರೂ ಮರೆಯುತ್ತಾರೆ. ಮನೆಯಲ್ಲಿ ಮಾಡಿದ ತಿಂಡಿ ತಗೊಳ್ಳಲ್ಲ. ಏನು ಬೇಕು ಅನ್ನೋದನ್ನ ನಿಮ್ಮ ಊರಿನ ಫುಡ್‌ಬ್ಯಾಂಕ್ ವೆಬ್‌ಸೈಟಿನಲ್ಲೇ ಹಾಕಿರ್ತಾರೆ, ನೋಡಿ. ಆಟದ ಸಾಮಾನು ಸಂಗ್ರಹಿಸೋ ಕಡೆ ಕೊಡುವುದಾದರೆ ಹೊಸದೇ ಕೊಡಿ, ಬಣ್ಣದ ಕಾಗದ ಸುತ್ತಬೇಡಿ. ಯಾವುದು ಬೇಕು ಅಂತ ಆ ಮಗುವಿನ ಅಪ್ಪ ಅಮ್ಮನೇ ಆರಿಸಿ, ತಮ್ಮ ಕೈಯಿಂದ ಸುತ್ತಿ ಕೊಡಲಿ.

ಮಗುವನ್ನು ಅಂಗಡಿಗೆ ಕರೆದುಕೊಂಡು ಹೋಗಿ, ಬುಟ್ಟಿ ಅವರ ಕೈಗೇ ಕೊಡಿ. ಹತ್ತು ಪೌಂಡಿನಲ್ಲಿ ಒಂದು ಮನೆಗೆ ಏನೇನು ತರಬಹುದು ಅಂತ ಅವರೇ ಯೋಚಿಸಲಿ. ಒಂದು ಟಿನ್ ಹಣ್ಣು, ಒಂದು ಪ್ಯಾಕೆಟ್ ಬಿಸ್ಕತ್ತು ಅಂತ ಲೆಕ್ಕ ಹಾಕುವಾಗ ಅವರ ಮುಖ ನೋಡಿ. ನಾನು ಎಷ್ಟು ಬುದ್ಧಿ ಹೇಳಿದ್ದರೂ ಅಷ್ಟು ಅರ್ಥ ಆಗ್ತಿರಲಿಲ್ಲ. ಆಮೇಲೆ ಸಿದ್ಧಗಂಗಾ ಮಠದಲ್ಲಿ ಸಾವಿರಾರು ಮಕ್ಕಳಿಗೆ ದಿನಾ ಊಟ ಹಾಕೋ ವಿಷಯ ಹೇಳಿ. ಲಂಡನ್ನಿಗೆ ಹೋದಾಗ ಥೇಮ್ಸ್ ದಡದ ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನಲ್ಲಿ 2015ರಲ್ಲಿ ಅನಾವರಣವಾದ ಬಸವಣ್ಣನವರ ಪ್ರತಿಮೆ ತೋರಿಸಿ. ದಾಸೋಹದ ಮಾತು ಆಗ ಅವರಿಗೆ ದೂರದ್ದು ಅನಿಸಲ್ಲ.

ಇನ್ನೊಂದು, 25ನೇ ತಾರೀಕು. ಅವತ್ತು ರೈಲು ಇಲ್ಲ, ಲಂಡನ್ನಿನಲ್ಲಿ ಟ್ಯೂಬ್ ಅನ್ನೋ ಮೆಟ್ರೋನೂ ಇಲ್ಲ, ದೊಡ್ಡ ಅಂಗಡಿಗಳೆಲ್ಲ ಮುಚ್ಚಿರುತ್ತೆ. ಸೆಪ್ಟೆಂಬರಿನಲ್ಲಿ ಮಾಸ್ಟರ್ಸ್ ಓದೋಕೆ ಬಂದ ನಮ್ಮ ಹುಡುಗ ಹುಡುಗಿಯರು ಖಾಲಿ ಹಾಸ್ಟೆಲಿನಲ್ಲಿ ಒಬ್ಬರೇ ಇರ್ತಾರೆ. ಆಸ್ಪತ್ರೆಯಲ್ಲಿ ಕೆಲಸ ಮಾಡುವ ನಮ್ಮವರು ಎಷ್ಟೋ ಜನ ಕ್ರಿಶ್ಚಿಯನ್ ಸಹೋದ್ಯೋಗಿಗಳು ಮನೆಯಲ್ಲಿರಲಿ ಅಂತ ತಾವೇ ಆ ದಿನದ ಡ್ಯೂಟಿ ಕೇಳಿ ತಗೊಳ್ತಾರೆ. ಇದಕ್ಕಿಂತ ದೊಡ್ಡ ಕ್ರಿಸ್‌ಮಸ್ ಗಿಫ್ಟ್ ನನಗೆ ಗೊತ್ತಿಲ್ಲ. ಅವರ ಮನೆಗೂ ಒಂದು ಡಬ್ಬಿ ಬಿಸಿಬೇಳೆಬಾತ್ ತಲುಪಲಿ.

ಡಿಸೆಂಬರ್ ಮೊದಲ ವಾರ ನಮ್ಮ ಮಕ್ಕಳ ಕನ್ನಡ ತರಗತಿಯಲ್ಲಿ ಫುಡ್‌ಬ್ಯಾಂಕಿಗಂತ ಒಂದು ಪೆಟ್ಟಿಗೆ ಇಡುತ್ತೇನೆ, ಮಕ್ಕಳ ಕೈಯಲ್ಲೇ ಹಾಕಿಸಿ. 25ರಂದು ಊಟಕ್ಕೆ ಯಾರ ಮನೆಯಲ್ಲಿ ಎಷ್ಟು ಜನಕ್ಕೆ ಜಾಗ ಇದೆ, ಯಾವ ಊರು ಅಂತ ಕೆಳಗೆ ಬರೆಯಿರಿ. ಕಾರ್ ಇರುವವರು ಅದನ್ನೂ ತಿಳಿಸಿ, ಬಸ್ಸು ರೈಲು ಇಲ್ಲದ ದಿನ ವಿದ್ಯಾರ್ಥಿಗಳನ್ನು ಕರೆತಂದು ವಾಪಸ್ ಬಿಡೋರು ಬೇಕು.