ವಿತ್ರ್ ಮುಗಿಸಿ ಮಲಗಿದ್ದೇನೆ, ಮಗು ಎಬ್ಬಿಸಿದಾಗ ತಹಜ್ಜುದ್ ಮಾಡಬಹುದಾ?

ಹಾಲುಣಿಸುವ ಅಮ್ಮ:

ಅಸ್ಸಲಾಮು ಅಲೈಕುಂ. ಮಗುವಿಗೆ ಹಾಲು ಕೊಡಲು ರಾತ್ರಿ ಎರಡು ಮೂರು ಸಲ ಏಳುತ್ತೇನೆ. ನಡುರಾತ್ರಿ ದಾಟಿದ ಮೇಲೆ ಅವಳು ಕುಡಿದು ಮಲಗಿದರೂ ನನಗೆ ನಿದ್ದೆ ಬೇಗ ಹತ್ತುವುದಿಲ್ಲ. ಆ ಹೊತ್ತಲ್ಲಿ ತಹಜ್ಜುದ್ (ರಾತ್ರಿ ಎದ್ದು ಮಾಡುವ ಐಚ್ಛಿಕ ನಮಾಝ್) ಮಾಡಬೇಕು ಅಂತ ತುಂಬಾ ಆಸೆ.

ಆದರೆ ನಾನು ಇಶಾ (ರಾತ್ರಿಯ ಕಡ್ಡಾಯ ನಮಾಝ್) ಜೊತೆಗೇ ವಿತ್ರ್ (ರಾತ್ರಿಯನ್ನು ಮುಗಿಸುವ ಬೆಸ ಸಂಖ್ಯೆಯ ನಮಾಝ್) ಮುಗಿಸಿ ಮಲಗುತ್ತೇನೆ. ವಿತ್ರ್ ಆದ ಮೇಲೆ ಮತ್ತೆ ನಮಾಝ್ ಮಾಡಬಹುದಾ? ಸಿಸೇರಿಯನ್ ಆಗಿದೆ, ಜಾಸ್ತಿ ಹೊತ್ತು ನಿಂತರೆ ಸೊಂಟ ನೋಯುತ್ತದೆ. ಬಾಯಿಪಾಠ ಇರುವುದು ಕುರ್‌ಆನಿನ ಕೊನೆಯ ಚಿಕ್ಕ ಸೂರಾಗಳು (ಅಧ್ಯಾಯಗಳು) ಮಾತ್ರ. ನಮಾಝ್ ನಡುವೆ ಮಗು ಅತ್ತರೆ ಏನು ಮಾಡಲಿ? ದೊಡ್ಡ ದೊಡ್ಡ ಸೂರಾ ಓದಿ ಎಂಟು ರಕಅತ್ (ನಮಾಝಿನ ಸುತ್ತು) ಮಾಡುವವರ ಮಾತು ಕೇಳಿದರೆ, ನನ್ನ ಎರಡು ರಕಅತ್ ಯಾವ ಲೆಕ್ಕಕ್ಕೆ ಅನ್ನಿಸುತ್ತದೆ.

ಫಜ್ರ್‌ಗೆ ಮುಂಚೆ:

ವ ಅಲೈಕುಮುಸ್ಸಲಾಂ. ವಿತ್ರ್ ಬಗ್ಗೆ ಮಾತ್ರ ಹೇಳುತ್ತೇನೆ. ಧಾರಾಳವಾಗಿ ಮಾಡಬಹುದು. ರಾತ್ರಿಯ ಕೊನೆಗೆ ಏಳುವ ಭರವಸೆ ಇಲ್ಲದವರು ಮಲಗುವ ಮೊದಲೇ ವಿತ್ರ್ ಮುಗಿಸಲಿ ಅಂತ ಮುಸ್ಲಿಮ್ ಎಂಬ ಸಂಗ್ರಹದ ಹದೀಸ್ (ಪ್ರವಾದಿಯವರ ನುಡಿ-ನಡೆಯ ವರದಿ) ಇದೆ. ನೀವು ಮಾಡುತ್ತಿರುವುದು ಅದನ್ನೇ. ಎದ್ದರೆ ಎರಡೆರಡು ರಕಅತ್ ಮಾಡಿ. ವಿತ್ರ್ ಮಾತ್ರ ಮತ್ತೆ ಬೇಡ. ಒಂದೇ ರಾತ್ರಿಯಲ್ಲಿ ಎರಡು ವಿತ್ರ್ ಇಲ್ಲ.

ದೊಡ್ಡಕ್ಕ:

ತಂಗಿ, ನಿಮ್ಮ ಪ್ರಶ್ನೆ ಓದಿ ಮನಸ್ಸು ತುಂಬಿ ಬಂತು. ನಾನೂ ಮಕ್ಕಳನ್ನು ಸಾಕಿದವಳು. ಆ ಹೊತ್ತಿನ ಆಯಾಸ ಗೊತ್ತು, ಆ ಹೊತ್ತಿನ ಆಸೆಯೂ ಗೊತ್ತು.

ಮೊದಲು ಸೊಂಟದ ವಿಷಯ. ಕುಳಿತು ಮಾಡಿ. ಐಚ್ಛಿಕ ನಮಾಝನ್ನು ಕುಳಿತು ಮಾಡಲು ಎಲ್ಲರಿಗೂ ಅನುಮತಿ ಇದೆ. ನಿಲ್ಲಲು ಶಕ್ತಿ ಇದ್ದೂ ಕುಳಿತರೆ ಅರ್ಧ ಪ್ರತಿಫಲ. ನೋವಿನಿಂದ ಕುಳಿತವರಿಗೆ ಆ ಕಡಿತ ಇಲ್ಲ. ಪ್ರವಾದಿ(ಸ) ವಿತ್ರ್ ಆದ ಮೇಲೆ ಕುಳಿತುಕೊಂಡು ಎರಡು ರಕಅತ್ ಮಾಡಿದ್ದನ್ನು ಅವರ ಪತ್ನಿ ಆಯಿಶಾ(ರ) ಹೇಳಿದ್ದಾರೆ, ಅದೂ ಮುಸ್ಲಿಮ್‌ನಲ್ಲಿದೆ. ವಿತ್ರ್ ನಂತರ, ಕುಳಿತು, ಎರಡೇ ರಕಅತ್. ನಿಮ್ಮ ಸ್ಥಿತಿಯೇ ಅಲ್ವಾ ಅದು?

ಮದೀನಾದ ಮಸೀದಿಯಲ್ಲಿ ಒಮ್ಮೆ ಎರಡು ಕಂಬಗಳ ನಡುವೆ ಹಗ್ಗ ಕಟ್ಟಿತ್ತು. ಅದು ಪ್ರವಾದಿಯವರ ಪತ್ನಿ ಝೈನಬ್(ರ) ಅವರದು, ನಮಾಝಿನಲ್ಲಿ ದಣಿವಾದಾಗ ಹಿಡಿದುಕೊಳ್ಳುತ್ತಾರೆ ಅಂತ ಜನ ಹೇಳಿದರು. ಪ್ರವಾದಿ(ಸ) ಆ ಹಗ್ಗ ಬಿಚ್ಚಿಸಿದರು. ಚುರುಕಾಗಿರುವಷ್ಟು ಹೊತ್ತು ಮಾಡಿ, ದಣಿದರೆ ಕುಳಿತುಕೊಳ್ಳಿ ಎಂದರು. ಬುಖಾರಿ, ಮುಸ್ಲಿಮ್ ಎರಡೂ ಹದೀಸ್ ಸಂಗ್ರಹಗಳಲ್ಲಿ ಇದೆ. ಬಾಣಂತಿತನ ಮುಗಿಸಿದ ಮೈಯನ್ನು ಹಿಂಸಿಸಿ ನಿಲ್ಲಬೇಕು ಅಂತ ಯಾರಾದರೂ ಹೇಳಿದರೆ ಈ ಹಗ್ಗದ ಮಾತು ನೆನಪಿಸಿಕೊಳ್ಳಿ. ತೂಕಡಿಕೆ ಬಂದರೆ ಮಲಗಿಬಿಡಿ. ನಿದ್ದೆಗಣ್ಣಿನಲ್ಲಿ ದುಆ (ಪ್ರಾರ್ಥನೆ) ಮಾಡಲು ಹೋಗಿ ತನ್ನನ್ನೇ ಶಪಿಸಿಕೊಂಡುಬಿಡಬಹುದು, ಮಲಗಿ ಅಂತಲೇ ಹದೀಸ್ ಇದೆ.

ಚಿಕ್ಕ ಸೂರಾ ಸಾಕು. ಪ್ರವಾದಿ(ಸ) ಒಂದು ರಾತ್ರಿ ಒಂದೇ ಆಯತ್ತನ್ನು (ವಚನವನ್ನು) ಬೆಳಗಿನವರೆಗೆ ಮತ್ತೆ ಮತ್ತೆ ಓದುತ್ತಾ ನಿಂತಿದ್ದರು ಅಂತ ಅವರ ಅನುಚರ ಅಬೂ ದರ್(ರ) ಹೇಳಿದ್ದಾರೆ. ಅದು ಸೂರಾ ಅಲ್ ಮಾಇದಾದ 118ನೆಯ ಆಯತ್. ನೀನು ಇವರನ್ನು ಶಿಕ್ಷಿಸಿದರೆ ಇವರು ನಿನ್ನ ದಾಸರು, ಕ್ಷಮಿಸಿದರೆ ನೀನು ಪ್ರಬಲನೂ ಯುಕ್ತಿವಂತನೂ ಆಗಿರುವೆ ಅಂತ ಅದರ ತಾತ್ಪರ್ಯ. ನಿಮಗೆ ಸೂರಾ ಇಖ್ಲಾಸ್ ಬರುತ್ತದೆ ತಾನೇ? ಅದನ್ನೇ ನಿಧಾನವಾಗಿ, ಅರ್ಥ ಮನಸ್ಸಿಗೆ ಇಳಿಯುವಂತೆ ಓದಿ. ಕುರ್‌ಆನ್ ಕೈಯಲ್ಲಿ ಹಿಡಿದು ನೋಡಿ ಓದುವುದು ಶಾಫಿಈ ಮದ್‌ಹಬ್‌ನವರಿಗೆ (ಮದ್‌ಹಬ್ ಅಂದರೆ ಧರ್ಮಶಾಸ್ತ್ರದ ಪಂಥ) ಆಗುತ್ತದೆ, ಇಮಾಮ್ ಅಬೂ ಹನೀಫಾ ಅವರ ಪ್ರಕಾರ ನಮಾಝ್ ಕೆಡುತ್ತದೆ. ನಿಮ್ಮ ಮದ್‌ಹಬ್ ನೋಡಿಕೊಳ್ಳಿ.

ಇನ್ನು ಮಗು. ಅತ್ತರೆ ಮೊದಲು ಮಗು. ಉದ್ದವಾಗಿ ಮಾಡಬೇಕು ಅಂತ ನಮಾಝಿಗೆ ನಿಂತು, ಮಗುವಿನ ಅಳು ಕೇಳಿ, ತಾಯಿಗೆ ಕಷ್ಟವಾಗಬಾರದು ಅಂತ ಚಿಕ್ಕದು ಮಾಡುತ್ತಿದ್ದವರು ನಮ್ಮ ಪ್ರವಾದಿ(ಸ). ಅದೂ ಎಲ್ಲರೂ ಸೇರಿ ಮಾಡುವ ಜಮಾಅತ್‌ನ ನಮಾಝ್! ಮೊಮ್ಮಗಳು ಉಮಾಮಾಳನ್ನು ಎತ್ತಿಕೊಂಡೇ ನಮಾಝ್ ಮಾಡಿದ್ದಾರೆ, ಹಣೆ ನೆಲಕ್ಕಿಡುವ ಸುಜೂದ್‌ಗೆ ಹೋಗುವಾಗ ಕೆಳಗಿಟ್ಟು, ಏಳುವಾಗ ಮತ್ತೆ ಎತ್ತಿಕೊಂಡು. ನೀವೂ ಎತ್ತಿಕೊಳ್ಳಬಹುದು. ಡೈಪರ್ ಒದ್ದೆಯಾಗಿದ್ದರೆ ಮಾತ್ರ ಬೇಡ. ತೀರಾ ಅಳು ಜೋರಾದರೆ ನಮಾಝ್ ಬಿಟ್ಟು ಹೋಗಿ. ಹನಫಿ (ಅಬೂ ಹನೀಫಾ ಅವರ ಪಂಥ) ಪ್ರಕಾರ ಶುರು ಮಾಡಿ ಬಿಟ್ಟ ನಫಿಲನ್ನು (ಐಚ್ಛಿಕ ನಮಾಝನ್ನು) ಆಮೇಲೆ ಮಾಡಿ ತೀರಿಸಬೇಕು, ಶಾಫಿಈಯಲ್ಲಿ ಅದೂ ಕಡ್ಡಾಯ ಅಲ್ಲ. ಹಾಲು ಕೊಟ್ಟರೆ ವುಝೂ (ನಮಾಝಿಗೆ ಮುಂಚಿನ ಅಂಗಶುದ್ಧಿ) ಮುರಿಯುವುದಿಲ್ಲ, ಹೊಸ ತಾಯಂದಿರು ಇದನ್ನು ತುಂಬಾ ಕೇಳುತ್ತಾರೆ.

ಎರಡು ರಕಅತ್ ಯಾವ ಲೆಕ್ಕ ಅಂತ ದಯವಿಟ್ಟು ಅನ್ನಬೇಡಿ. ಆಯಿಶಾ(ರ) ಅವರು ಪ್ರವಾದಿಯವರ(ಸ) ರಾತ್ರಿ ನಮಾಝ್ 11 ರಕಅತ್ ದಾಟುತ್ತಿರಲಿಲ್ಲ ಎಂದಿದ್ದಾರೆ. ಅಲ್ಲಾಹನಿಗೆ ಅತಿ ಇಷ್ಟವಾದ ಕರ್ಮ ಸ್ವಲ್ಪವಾದರೂ ನಿರಂತರವಾದದ್ದು ಅನ್ನುವ ಹದೀಸನ್ನು ತಿಳಿಸಿದವರೂ ಅವರೇ.

ಹಾಲುಣಿಸುವ ಅಮ್ಮ:

ಜಝಾಕಿಲ್ಲಾಹು ಖೈರನ್ ಅಕ್ಕ. ಕಣ್ಣು ಒದ್ದೆಯಾಯಿತು. ರಾತ್ರಿಯ ಕೊನೆಯ ಮೂರನೇ ಭಾಗ ಲೆಕ್ಕ ಹಾಕುವುದು ಹೇಗೆ? ಯಜಮಾನರನ್ನೂ ಎಬ್ಬಿಸಲಾ, ಅಥವಾ ಕೆಲಸದಿಂದ ದಣಿದು ಬಂದಿರುತ್ತಾರೆ ಅಂತ ಬಿಡಲಾ?

ಎರಡು ಮಕ್ಕಳ ಅಪ್ಪ:

ಎಬ್ಬಿಸಿ ಸಹೋದರಿ. ರಾತ್ರಿ ಎದ್ದು ನಮಾಝ್ ಮಾಡಿ, ಗಂಡನನ್ನೂ ಎಬ್ಬಿಸುವ ಹೆಂಡತಿಗೆ ಅಲ್ಲಾಹನ ಕರುಣೆ ಇರಲಿ ಅಂತ ಪ್ರವಾದಿ(ಸ) ದುಆ ಮಾಡಿದ್ದಾರೆ. ಅವನು ಏಳದಿದ್ದರೆ ಮುಖಕ್ಕೆ ನೀರು ಚಿಮುಕಿಸುವ ಮಾತೂ ಅದರಲ್ಲಿದೆ. ಹೆಂಡತಿಯನ್ನು ಎಬ್ಬಿಸುವ ಗಂಡನಿಗೂ ಅದೇ ದುಆ. ನಿಮ್ಮ ಯಜಮಾನರಿಗೆ ಗಂಡಸಾಗಿ ನನ್ನದೊಂದು ಮಾತು: ನಿಮ್ಮ ಹೆಂಡತಿ ನಮಾಝಿಗೆ ಕುಳಿತಾಗ ಮಗು ನಿಮ್ಮ ಹೆಗಲ ಮೇಲಿರಲಿ, ನಿಮ್ಮ ಸರದಿ ಆಮೇಲೆ. ಪ್ರವಾದಿ(ಸ) ಮನೆಯಲ್ಲಿದ್ದಾಗ ಮನೆಯವರ ಸೇವೆಯಲ್ಲಿ ಇರುತ್ತಿದ್ದರು ಅಂತ ಬುಖಾರಿಯಲ್ಲಿದೆ.

ಲೆಕ್ಕ ಸುಲಭ. ಮಗ್ರಿಬ್ ಅಂದರೆ ಸೂರ್ಯಾಸ್ತ, ಫಜ್ರ್ ಅಂದರೆ ಮುಂಜಾವು. ಮಗ್ರಿಬ್‌ನಿಂದ ಫಜ್ರ್‌ವರೆಗಿನ ಹೊತ್ತನ್ನು ಮೂರು ಭಾಗ ಮಾಡಿ. ಮಗ್ರಿಬ್ ಸಂಜೆ 6:30, ಫಜ್ರ್ ಬೆಳಗ್ಗೆ 5:00 ಅಂದರೆ ಹತ್ತೂವರೆ ಗಂಟೆ. ಒಂದು ಭಾಗ ಮೂರೂವರೆ ಗಂಟೆ. ಕೊನೆಯ ಭಾಗ 1:30ಕ್ಕೆ ಶುರು. ನನ್ನನ್ನು ಕರೆಯುವವರು ಯಾರಿದ್ದಾರೆ, ನಾನು ಉತ್ತರಿಸುತ್ತೇನೆ ಅಂತ ಅಲ್ಲಾಹನು ಕೇಳುವ ಹೊತ್ತು ಅದು.

ದೊಡ್ಡಕ್ಕ:

ಒಂದು ಬಿಟ್ಟಿದ್ದೆ. ಕೆಲವು ರಾತ್ರಿ ಆಗುವುದೇ ಇಲ್ಲ, ಮಗುವಿಗೆ ಜ್ವರ ಇರುತ್ತದೆ, ನಿಮಗೇ ಎಚ್ಚರವಾಗುವುದಿಲ್ಲ. ನಿದ್ದೆ ಅಥವಾ ನೋವಿನಿಂದ ರಾತ್ರಿಯ ನಮಾಝ್ ತಪ್ಪಿದರೆ ಪ್ರವಾದಿ(ಸ) ಹಗಲಲ್ಲಿ 12 ರಕಅತ್ ಮಾಡುತ್ತಿದ್ದರು. ರಾತ್ರಿ ಓದಬೇಕಿದ್ದ ಪಾಲನ್ನು ಫಜ್ರ್ ಮತ್ತು ಝುಹ್ರ್ (ಮಧ್ಯಾಹ್ನದ ನಮಾಝ್) ನಡುವೆ ಓದಿದರೆ ರಾತ್ರಿಯೇ ಓದಿದಂತೆ ಬರೆಯಲಾಗುತ್ತದೆ ಅಂತ ಉಮರ್(ರ) ವರದಿ ಮಾಡಿದ ಹದೀಸೂ ಇದೆ. ಮರುದಿನ ಸಮಯ ಸಿಕ್ಕಾಗ ಎರಡೇ ಮಾಡಿದರೂ ಆಯಿತು.

ಹಾಲುಣಿಸುವ ಅಮ್ಮ:

ಬೆಳಗ್ಗೆ ಸ್ನಾನ ಮಾಡಿಸಿದ ಮೇಲೆ ಅವಳು ಚೆನ್ನಾಗಿ ಮಲಗುತ್ತಾಳೆ. ತಪ್ಪಿದ ದಿನ ಆ ಹೊತ್ತು ಇಟ್ಟುಕೊಳ್ಳುತ್ತೇನೆ. ನನಗೂ ಮಗುವಿಗೂ ದುಆ ಮಾಡಿ.